ಕೊನೆಯ ಎರಡು ರೀಲು

ಉಡುಪಿಯ ಒಂದು ವಾರಪತ್ರಿಕೆಗೆ ನಮ್ಮ ಸರ್ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ಹೊಸ ಚಿತ್ರ ಬಂದ ದಿನವೇ ಮ್ಯಾಟಿನಿಗೆ ಹೋಗಿ, ಪಕ್ಕದ ಬಾಗಿಲಿನ ಹತ್ತಿರ ಬೆಂಚಿನಲ್ಲಿ ಓರೆಯಾಗಿ ಕೂರುತ್ತಿದ್ದರು. ಒಂದು ಕಣ್ಣು ಪರದೆಯ ಮೇಲಿದ್ದರೆ ಇನ್ನೊಂದು ಕಣ್ಣು, ಬೀಡಿ ಸೇದಲು ಆ ಬಾಗಿಲಿನಿಂದ ಹೊರಗೆ ಹೋಗುವವರ ಮೇಲೆ. ಯಾವ ದೃಶ್ಯಕ್ಕೆ ಎಷ್ಟು ಜನ ಎದ್ದರೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ತಾವು ಮಾತ್ರ ಏಳುತ್ತಿರಲಿಲ್ಲ. ಕಾಲೇಜು ಮುಗಿಸಿ ಅವರ ಜೊತೆ ತಿರುಗುತ್ತಿದ್ದ ನಾನು "ಸಾಕು ಸರ್, ಹೋಗುವ" ಎಂದರೆ, "ಪೂರ್ತಿ ನೋಡದೆ ಎಂತ ಬರೆಯುವುದು ಮಾರಾಯ?" ಎನ್ನುತ್ತಿದ್ದರು.

ಕಾರ್ಕಳದಲ್ಲಿ ಒಮ್ಮೆ, ಚಿತ್ರ ಮುಗಿಯಲು ಇನ್ನೆರಡು ರೀಲು ಇರುವಾಗ, ಪ್ರೊಜೆಕ್ಟರ್ ಕೋಣೆಗೆ ಬೆಂಕಿ ಹತ್ತಿತು. ಜನ ತಾವು ಬಂದ ದಾರಿಗೇ, ಅಂದರೆ ಆ ಕೋಣೆಯ ಕೆಳಗಿನ ಬಾಗಿಲಿಗೇ ನುಗ್ಗಿದರು. ನೀರು ಕುಡಿಯಲು ಹಿಂದಕ್ಕೆ ಹೋಗಿದ್ದ ನಾನು ಕೆಳಗೆ ಬಿದ್ದೆ. ಇಂದಿಗೂ ಕಣ್ಣು ಮುಚ್ಚಿದರೆ ಆ ಕಾಲುಗಳ ಭಾರ ನನ್ನ ಬೆನ್ನಿಗೆ ಬರುತ್ತದೆ. ಅವರು ಬೆಂಚು ಹತ್ತಿ ನಿಂತು, "ಬೀಡಿಗೆ ಹೋಗುವ ಬಾಗಿಲು ಇಲ್ಲುಂಟು! ಈಚೆ ಬನ್ನಿ!" ಎಂದು ಕೂಗಿದರು. ಜನ ತಿರುಗಿದರು. ಎಲ್ಲರೂ ಬದುಕಿದೆವು.

ತಿಂಗಳ ಮೇಲೆ ಅದೇ ಟಾಕೀಸಿನಲ್ಲಿ ಅದೇ ಚಿತ್ರವನ್ನು ಮತ್ತೆ ಹಾಕಿದರು. ಅವರು ಹೊರಟರು.

"ಅದು ಕೆಟ್ಟ ಚಿತ್ರ ಸರ್, ಹಾಗೆಂದೇ ಬರೆದುಬಿಡಿ," ಎಂದೆ.

"ಕೊನೆಯ ಎರಡು ರೀಲು ಬಾಕಿ ಉಂಟಲ್ವಾ?"

ನನಗೆ ಒಳಗೆ ಕಾಲಿಡಲಾಗಲಿಲ್ಲ, ರಸ್ತೆಯಲ್ಲೇ ನಿಂತೆ. ಅವರು ಎಲ್ಲರಿಗಿಂತ ಕೊನೆಗೆ, ತೆರೆದ ಪುಸ್ತಕ ಹಿಡಿದುಕೊಂಡೇ ಬಂದರು.

"ಒಳ್ಳೆಯದಿದ್ದದ್ದು ಆ ಎರಡು ರೀಲಿನಲ್ಲಿಯೇ ಮಾರಾಯ. ಒಬ್ಬನೂ ಬೀಡಿಗೆ ಏಳಲಿಲ್ಲ."