ಬೋಳು ಕಾರು

ಮೇಲೆ ಛಾವಣಿಯಿಲ್ಲದ ಆ ಕಾರು ಗುಂಡ್ಲುಪೇಟೆಯ ನಮ್ಮ ಮನೆ ಮುಂದೆ ಇಳಿದ ದಿನ ನಾನು ತೆರಕಣಾಂಬಿಯ ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುತ್ತಿದ್ದೆ. ಊಟಿ ಕಡೆಯ ಯಾವುದೋ ಟೀ ಎಸ್ಟೇಟಿನ ಶೆಡ್ಡಿನಲ್ಲಿ ಕೊಳೆಯುತ್ತಿದ್ದುದನ್ನು ನಮ್ಮ ಯಜಮಾನರು ಲಾರಿಗೆ ಹೇರಿಸಿಕೊಂಡು ತಂದಿದ್ದರು. ಎರಡೇ ಬಾಗಿಲು. ತಳದ ತಗಡನ್ನು ತುಕ್ಕು ತಿಂದು ನೆಲ ಕಾಣುತ್ತಿತ್ತು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಬೇಕೆಂದಾಗ ಮಡಿಸಿ, ಬೇಡವೆಂದಾಗ ಮುಚ್ಚುವ ಬಟ್ಟೆಯ ಟಾಪು ಇರಬೇಕಾದ ಕಡೆ ಕಬ್ಬಿಣದ ಕಮಾನುಗಳು ಮಾತ್ರ ಉಳಿದಿದ್ದವು. ಇವರು ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಹಲ್ಲು ಬಿಟ್ಟುಕೊಂಡು ಅದರ ಸುತ್ತ ತಿರುಗುತ್ತಿದ್ದರು.

ಪಕ್ಕದ ಮನೆ ಅಜ್ಜಿ ಜಗಲಿಯಿಂದಲೇ ಕೂಗಿತು: "ಇದೇನಮ್ಮಿ, ನಿನ್ ಗಂಡ ಬೋಳಿ ಕಾರ ತಂದು ನಿಲ್ಸವ್ನಲ್ಲ!"

ತಲೆ ಮೇಲೆ ಏನೂ ಇಲ್ಲವಲ್ಲ, ಬೋಳು ಅಂದರೆ ಸರಿ. ಆದರೆ ಬೋಳಿ ಅಂದರೆ ನಮ್ಮ ಕಡೆ ಗಂಡ ಸತ್ತವಳಿಗೆ ಬೈಯುವ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ ಬಾಯಿಗೆ ಬೆಂಕಿ ಬೀಳ, ಬುಡ್ತು ಅನ್ನಜ್ಜಿ ಮೊದ್ಲು" ಎಂದೆ. ಅಜ್ಜಿ ಬುಡ್ತು ಅಂದಿತು. ಬೀದಿ ಬಿಡಲಿಲ್ಲ. ಅವತ್ತಿನಿಂದ ಅದು ಬೋಳು ಕಾರೇ ಆಯಿತು.

ನನ್ನ ಸಿಟ್ಟಿಗೆ ಅಜ್ಜಿಗಿಂತ ದೊಡ್ಡ ಕಾರಣವಿತ್ತು. ಇವರು ಮೀಸೆ ಮೂಡುವ ಮೊದಲೇ ಚಾಮರಾಜನಗರದಲ್ಲಿ ಕಾರಿಗೆ ಬಣ್ಣ ಹೊಡೆಯುವ ಶೆಡ್ಡು ಸೇರಿದವರು. ಆಮೇಲೆ ಗುಂಡ್ಲುಪೇಟೆಯಲ್ಲಿ ಸ್ವಂತ ಶೆಡ್ಡು ಮಾಡಿದರು. ಜೀಪು, ಲಾರಿ, ಎಂಎಲ್‌ಎ ಎಲೆಕ್ಷನ್ನಿನ ಗಾಡಿ, ಕೇರಳದವರ ಬಾಳೆಕಾಯಿ ವ್ಯಾನು, ಎಲ್ಲಕ್ಕೂ ಇವರದೇ ಬಣ್ಣ. ಹಾಗೆ ಒಳಗೆ ಎಳೆದುಕೊಂಡ ಬಣ್ಣವೆಲ್ಲ ಎದೆಯಲ್ಲಿ ಕೂತುಬಿಟ್ಟಿತ್ತು. ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿದರೆ ಕಟ್ಟೆ ಹಿಡಿದು ನಿಲ್ಲುತ್ತಿದ್ದರು. ಮೈಸೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, "ಶ್ವಾಸಕೋಶ ಒಣಗಿ ಗಟ್ಟಿಯಾಗಿದೆ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳಿ. ಇನ್ನು ಬಣ್ಣದ ಗನ್ನು ಮುಟ್ಟಬೇಡಿ" ಎಂದಿದ್ದರು. ಆ ವಾರವೇ ಶೆಡ್ಡಿಗೆ ಬೀಗ ಬಿತ್ತು. ನಾನು ದೇವರಿಗೆ ಕೈ ಮುಗಿದೆ. ಅದರ ಬೆನ್ನಿಗೇ ಈ ಕಾರು ಬಂತು.

"ಊರೋರ್ ಕಾರ್ಗೆಲ್ಲ ಬಣ್ಣ ಒಡ್ದೆ ಕಣಮ್ಮಿ. ನಂದು ಅಂತ ಒಂದು ಬ್ಯಾಡ್ವಾ? ಒಂದೇ ಒಂದ್ ಸಲ, ಟಾಪ್ ಮಡಿಸ್ಬುಟ್ಟು, ನಿನ್ನ ಪಕ್ಕದಲ್ಲಿ ಕೂರಿಸ್ಕಂಡು, ಬಂಡೀಪುರದ ರೋಡಲ್ಲಿ ಗಾಳಿ ಕುಡ್ಕಂಡು ಓಗ್ಬೇಕು. ಆಮೇಲ್ ಸತ್ರೂ ಸರಿ."

"ಸಾಯೋ ಮಾತಾಡಿದ್ರೆ ಈ ಕಾರ್ ಗುಜರಿಗೆ ಆಕ್ತಿನಿ" ಎಂದೆ. ಕೊನೆಗೆ ಒಪ್ಪಂದವಾಯಿತು. ತಗಡಿನ ಕೆಲಸ, ಎಂಜಿನ್ನಿನ ಕೆಲಸ ಇವರು ನಿಧಾನವಾಗಿ ಮಾಡಲಿ. ಬಣ್ಣ ಮಾತ್ರ ಬೇರೆಯವರು ಹೊಡೆಯಲಿ. ನನ್ನ ತಲೆ ಮುಟ್ಟಿ ಆಣೆ ಮಾಡಿದರು.

ಹಿತ್ತಲಲ್ಲಿ ಸೋಗೆ ಹೊದಿಸಿ ಚಪ್ಪರ ಹಾಕಿಕೊಂಡರು. ತುಕ್ಕು ಹಿಡಿದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಒಂದು ಬಾಗಿಲು ತಟ್ಟಿ ನೇರ ಮಾಡಲು ಬೇಸಿಗೆ ಪೂರ್ತಿ ಹಿಡಿಯಿತು, ಯಾಕೆಂದರೆ ನಾಲ್ಕು ಏಟು ಹಾಕಿದರೆ ಕೂತು ಉಸಿರು ಹುಡುಕಬೇಕಿತ್ತು. ಹಳೆಯ ಕಾರಾದರೂ ಹಳೆಯ ಹಾಗೆ ಓಡುವುದು ಬೇಡ ಎಂದು ಮುಂದಿನ ಚಕ್ರಗಳಿಗೆ ಈಗಿನ ಕಾಲದ ಬ್ರೇಕು ಹಾಕಿದರು. ಬಲ್ಬು ಮಿಣಮಿಣ ಅನ್ನಿಸುತ್ತಿದ್ದ ಮುದಿ ಡೈನಮೋ ಕಿತ್ತು, ಯಾವುದೋ ವ್ಯಾನಿನ ದೊಡ್ಡ ಆಲ್ಟರ್ನೇಟರು ಕೂರಿಸಿದರು. "ಇದ್ರಲ್ಲಿ ಒಂದ್ ಮನೇಗೇ ಕರೆಂಟ್ ಕೊಡ್ಬೋದು ಕಣ" ಎಂದು ಬಂದವರಿಗೆಲ್ಲ ಹೇಳಿಕೊಂಡರು.

ಟಾಪಿನ ಕೆಲಸ ಇವರ ಹಳೆಯ ಗೆಳೆಯರದು. ಚಾಮರಾಜನಗರದಲ್ಲಿ ಕುಷನ್ ಅಂಗಡಿ ಇಟ್ಟವರು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಬೈಸಿಕೊಂಡು ಬೆಳೆದವರು. ಇವರು ಅವರನ್ನು ಭಾಯ್ ಅನ್ನುತ್ತಿದ್ದರು, ಹಾಗಾಗಿ ನನಗೂ ಭಾಯ್. ಭಾನುವಾರ ತೆರಕಣಾಂಬಿ ಮೇಲೆ ಬೈಕಿನಲ್ಲಿ ಬಂದು, ಕಮಾನು ಅಳೆದು, ಕಪ್ಪು ಕ್ಯಾನ್ವಾಸು ಕತ್ತರಿಸಿ ಹೊಲಿಯುತ್ತಿದ್ದರು. "ಗುರೂ, ನೀನು ಕೆಮ್ಮಿದ್ರೆ ನನ್ ಟೇಪ್ ಅಲ್ಲಾಡ್ತದೆ. ಸುಮ್ನೆ ಕೂತ್ಕೋ ಅಲ್ಲಿ" ಎಂದು ಗದರುತ್ತಿದ್ದರು. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು ದನಿ ತಗ್ಗಿಸಿ, "ಟೀಚರಮ್ಮ, ಮೊದಲಿಗಿಂತ ಜಾಸ್ತಿ ಆಗದೆ ಅಲ್ವಾ?" ಎನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ಬಣ್ಣ ಹೊಡೆಯಲು ಮೈಸೂರಿನಿಂದ ಒಬ್ಬರನ್ನು ಕರೆಸಿದೆವು. ಆ ಮನುಷ್ಯ ಬಣ್ಣಕ್ಕೆ ತಿನ್ನರು ಸುರಿದು ಕಲಕಿದರು. ಇವರು ಡಬ್ಬದ ಮೇಲೆ ಬಗ್ಗಿ ಮೂಸಿ, "ತೆಳ್ಳಗಾಯ್ತು" ಎಂದರು. ಆತ ಅಳತೆ ಲೋಟ ತೋರಿಸಿದರು. ಇವರು ಕೇಳಲಿಲ್ಲ. ಇವರಿಗೆ ಅಳತೆಯೆಂದರೆ ಮೂಗು. ಮೂಗಿನಿಂದಲೇ ಬಣ್ಣ ಕಲಸಿ, ಮೂಗಿನಿಂದಲೇ ಒಣಗಿದ್ದು ತಿಳಿದು, ಅದೇ ಮೂಗಿನಿಂದ ಎದೆ ಹಾಳು ಮಾಡಿಕೊಂಡವರು. ಮಾತಿಗೆ ಮಾತು ಬೆಳೆದು ಮೈಸೂರಿನವರು ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಹೋದರು.

ಸಂಜೆ ನಾನು ಬರುವಷ್ಟರಲ್ಲಿ ಬಣ್ಣದ ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರು ಶೆಡ್ಡಿನಿಂದ ಮನೆಗೆ ಬಂದಿತ್ತು.

ಅಯ್ಯೋ ಶಿವನೇ, ನಾನು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿರಬೇಕು. ಆಣೆ ಏನಾಯ್ತು ಎಂದೆ. ನಿನ್ನ ತಲೆ ಗಟ್ಟಿಯಾಗೇ ಇದೆಯಲ್ಲ ಎಂದು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೋಗಲಿ ಮಾಸ್ಕಾದರೂ ಹಾಕಿಕೊಳ್ಳಿ ಎಂದು ಮೆಡಿಕಲ್ ಸ್ಟೋರಿನವರನ್ನು ಕಾಡಿ ಒಳ್ಳೆಯದನ್ನೇ ತಂದುಕೊಟ್ಟೆ. "ಇದ ಆಕ್ಕಂಡ್ರೆ ವಾಸ್ನೆ ತಿಳಿಯಾಕಿಲ್ಲ ಕಣಮ್ಮಿ" ಎಂದು ಅದನ್ನು ಗೂಟಕ್ಕೆ ನೇತುಹಾಕಿದರು.

ಹಸಿ ಬಣ್ಣದ ಮೇಲೆ ಧೂಳು ಕೂತರೆ ಕೆಲಸ ಕೆಟ್ಟಿತು. ನಮ್ಮ ಹಿತ್ತಲ ಆಚೆ ಹುರುಳಿ ಬಡಿಯುತ್ತಿದ್ದರು. ಅದಕ್ಕೆ ಚಪ್ಪರದ ಸುತ್ತ ನನ್ನ ಹಳೇ ಸೀರೆಗಳನ್ನು ಒದ್ದೆ ಮಾಡಿ ಕಟ್ಟಿ, ಸಂದುಗೊಂದಿಗೆಲ್ಲ ಪ್ಲಾಸ್ಟಿಕ್ ತುರುಕಿ, ಒಳಗೆ ಒಂದು ಕಣ ಹೋಗದ ಹಾಗೆ ಮಾಡಿದರು. ಹೊರಗಿನದು ಒಳಗೆ ಬರಲಿಲ್ಲ. ಒಳಗಿನದು ಹೊರಗೆ ಹೋಗಲಿಲ್ಲ. ನಾನು ಶಾಲೆಗೆ ರಜೆ ಹಾಕಿ ಸೀರೆಯ ಈಚೆ ಕೂತು, ಗನ್ನಿನ ಸದ್ದು ನಿಂತಾಗಲೆಲ್ಲ "ಇದ್ದೀರಾ?" ಎಂದು ಕೂಗುತ್ತಿದ್ದೆ. ಒಳಗಿಂದ ಕೆಮ್ಮು ಬಂದರೆ ಇದ್ದಾರೆ ಎಂದು ಅರ್ಥ.

ಹೊರಗೆ ಬಂದವರೇ ಬೆಲ್ಲ ಕೇಳುತ್ತಿದ್ದರು. ಬಣ್ಣದವರು, ವೆಲ್ಡಿಂಗಿನವರು, ಹಿಟ್ಟಿನ ಗಿರಣಿಯವರು, ಎಲ್ಲರದೂ ಒಂದೇ ನಂಬಿಕೆ: ಬೆಲ್ಲ ತಿಂದು ಬಾಳೆಹಣ್ಣು ತಿಂದರೆ ಒಳಗೆ ಹೋದದ್ದು ಹೊಟ್ಟೆಗಿಳಿದು ಬೆಳಿಗ್ಗೆ ಹೊರಬೀಳುತ್ತದಂತೆ. ನಾನು ಮಕ್ಕಳಿಗೆ ಗಾಳಿಯ ದಾರಿ ಬೇರೆ, ಅನ್ನದ ದಾರಿ ಬೇರೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು. ಆದರೂ ಅಚ್ಚು ಬೆಲ್ಲ ಒಡೆದು ಅವರ ಅಂಗೈಗೆ ಹಾಕುತ್ತಿದ್ದೆ. ಬೇರೆ ಏನು ಕೊಡಲಿ? ಡಾಕ್ಟರು ಬೇಡ ಅನ್ನುವುದನ್ನು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಕೊನೆಯ ಕೋಟು ಒಣಗಿದ ಮೇಲೆ ಸೀರೆ ಬಿಚ್ಚಿದರು. ಎಳೇ ಅರಿಶಿನದ ಎಲೆಯ ಹಸಿರು. ಬಾಗಿಲಲ್ಲಿ ನನ್ನ ಮುಖ, ಹಿಂದಿನ ತೆಂಗಿನ ಮರ, ಆಕಾಶ, ಎಲ್ಲ ಕಾಣುತ್ತಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಹೊಟ್ಟೆ ಉರಿಯಿತು. ಚೆನ್ನಾಗಿದೆ ಎಂದೆ. "ಅಂಗನ್ನು ಮತ್ತೆ" ಎಂದು ಕಲ್ಲಿನ ಮೇಲೆ ಕೂತವರು ತಾವಾಗಿ ಏಳಲಿಲ್ಲ. ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಯಿಂದ ಬರುವಾಗ ಅವರ ಜೊತೆ ಒಂದು ಯಂತ್ರವೂ ಬಂತು. ಕರೆಂಟಿಗೆ ಹಾಕಿದರೆ ಗಾಳಿಯಿಂದ ಆಮ್ಲಜನಕ ಸೋಸಿ ಪೈಪಿನಲ್ಲಿ ಮೂಗಿಗೆ ಕೊಡುತ್ತದೆ. ಸದಾ ಹಾಕಿಕೊಂಡೇ ಇರಬೇಕು. ತೆಗೆದರೆ ತುಟಿ ನೇರಳೆ ಹಣ್ಣು ತಿಂದ ಹಾಗಾಗುತ್ತದೆ. ನಮ್ಮೂರ ಕರೆಂಟಿನ ಕಥೆ ಯಾರಿಗೆ ಗೊತ್ತಿಲ್ಲ? ಒಂದು ಮಧ್ಯಾಹ್ನ ಮಳೆ ಗಾಳಿಗೆ ಲೈನು ಬಿತ್ತು. ಮನೆಯ ಯುಪಿಎಸ್ಸು ಸ್ವಲ್ಪ ಹೊತ್ತು ಎಳೆದು ಅದೂ ಕೈಯೆತ್ತಿತು. ಯಂತ್ರ ಕೀಂ ಅನ್ನುತ್ತ ನಿಂತಿತು. ಇವರು ಮಂಚದಿಂದಲೇ ಕಾರಿನ ಕಡೆ ಕೈ ತೋರಿಸಿದರು. ನಾನು ಫೋನು ಹಚ್ಚಿ, ಭಾಯ್ ಹೇಳಿದ ಹಾಗೆ ಕಾರು ಸ್ಟಾರ್ಟ್ ಮಾಡಿ, ಯುಪಿಎಸ್ಸಿನ ವೈರುಗಳನ್ನು ಕಾರಿನ ಬ್ಯಾಟರಿಗೆ ಕಚ್ಚಿಸಿದೆ. ಯಂತ್ರ ಮತ್ತೆ ಉಸಿರಾಡಿತು. ಆಮೇಲೆ ಕರೆಂಟು ಹೋದಾಗಲೆಲ್ಲ ಇದೇ ಕೆಲಸ. ಬಂಡೀಪುರದ ದಾರಿಯಲ್ಲಿ ಓಡಬೇಕಾದ ಕಾರು ಕಿಟಕಿಯ ಕೆಳಗೆ ನಿಂತಲ್ಲೇ ನಿಂತು ಗುರುಗುಟ್ಟುತ್ತಿತ್ತು. ಅದರ ಹೊಗೆ ಒಳಗೆ ಬರುತ್ತದೆಂದು ನಾನು ಕಿಟಕಿ ಮುಚ್ಚುತ್ತಿದ್ದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ, "ಓಗನ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬೇಡ, ಮಳೆಗಾಲ ಕಳೆಯಲಿ ಎಂದೆ. "ಅಷ್ಟೊತ್ತಿಗೆ ನಾನೆಲ್ಲಿರ್ತಿನಮ್ಮಿ?" ಎಂದರು. ಬಿಡ್ತು ಅನ್ನಿ ಎನ್ನುವ ಬದಲು ಭಾಯಿಗೆ ಫೋನು ಮಾಡಿದೆ.

ಯಂತ್ರವನ್ನು ಯುಪಿಎಸ್ಸಿನ ಜೊತೆ ಹಿಂದಿನ ಸೀಟಿಗೆ ಬೆಲ್ಟು ಹಾಕಿ ಕಟ್ಟಿ, ವೈರುಗಳನ್ನು ಕಾರಿನ ಬ್ಯಾಟರಿಗೆ ಕಚ್ಚಿಸಿದೆವು. ಅದರ ಪಕ್ಕ ನಾನು. ಮುಂದೆ ಭಾಯ್, ಅವರ ಎಡಕ್ಕೆ ಇವರು, ಮೂಗಿನಲ್ಲಿ ಪೈಪು. ಟಾಪು ಮಡಿಸಿದೆವು. ಅಜ್ಜಿ ಜಗಲಿಯ ಮೇಲೆ ಎದ್ದು ನಿಂತು ಕೈ ಮುಗಿಯಿತು. ಪೇಟೆ ದಾಟುವ ತನಕ ಎಲ್ಲ ಚೆನ್ನಾಗಿತ್ತು. ಜನ ನೋಡುತ್ತಿದ್ದರು. ಇವರು ದೊರೆಯ ಹಾಗೆ ಕೂತಿದ್ದರು. ಹಂಗಳದ ಕಡೆ ತಿರುಗಿ ಭಾಯ್ ಸ್ವಲ್ಪ ಜೋರು ಮಾಡಿದ್ದೇ ತಡ, ಗಾಳಿ ಎದುರಿಗೆ ಬಂದು ಮುಖಕ್ಕೆ ಬಡಿಯಿತು. ಇವರು ಬಾಯಿ ತೆರೆದರು, ಮುಚ್ಚಿದರು, ಕೆಮ್ಮಲು ಶುರು ಮಾಡಿ ನಿಲ್ಲಿಸಲಾರದೆ ಮುಂದಕ್ಕೆ ಬಗ್ಗಿದರು. ಅಷ್ಟು ಗಾಳಿಯಲ್ಲಿ ಅವರಿಗೆ ಒಂದು ಗುಟುಕು ಒಳಗೆ ಎಳೆಯಲಾಗಲಿಲ್ಲ.

"ಮುಚ್ಚು" ಎಂದರು. "ಭಾಯ್, ಮುಚ್ಚಪ್ಪ. ಗಾಳಿ ಜಾಸ್ತಿ ಆಯ್ತು."

ಭಾಯ್ ಚೆಂಡುಹೂವಿನ ಹೊಲದ ಪಕ್ಕ ಕಾರು ನಿಲ್ಲಿಸಿ, ತಾವೇ ಹೊಲಿದ ಟಾಪನ್ನು ತಾವೇ ಎಳೆದು ಮುಚ್ಚಿದರು. ಗಾಜು ಏರಿಸಿದೆವು. ಕೆಮ್ಮು ನಿಧಾನವಾಗಿ ಇಳಿಯಿತು. ನನಗೆ ಆ ಕಾರನ್ನು ಅಲ್ಲೇ ಸುಟ್ಟುಹಾಕಬೇಕು ಅನ್ನಿಸಿತು.

ಆಗ ಗಾಜಿನ ಮೇಲೆ ಯಾರೋ ತಟ್ಟಿದರು. ಹೂವಿನ ಹೊಲದಲ್ಲಿ ಫೋಟೋ ತೆಗೆಯಲು ಇಳಿದಿದ್ದ ಕೇರಳದ ಒಂದು ಜೋಡಿ. "ಚೇಟ್ಟಾ, ಒರು ಫೋಟೋ?" ಎಂದು ಆ ಹುಡುಗ ಕಾರನ್ನು ತೋರಿಸಿ, ಟಾಪು ತೆಗೆಯಿರಿ ಎಂದು ಕೈಸನ್ನೆ ಮಾಡಿದ. ನಾನು ಇಳಿದು ಜಾಡಿಸಿದೆ: "ಕಣ್ ಕಾಣ್ಸಲ್ವಾ ನಿಮ್ಗೆ? ಉಷಾರಿಲ್ದೋರು ಅವ್ರೆ. ಓಗ್ರಿ ಆ ಕಡೆ!" ಅವನಿಗೆ ಕನ್ನಡ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಹಿಂದೆ ಸರಿದ. ಆದರೆ ಇವರು ಒಳಗಿಂದ ಬಾಗಿಲು ತಟ್ಟಿದರು.

"ತಗಿ ಟಾಪ್ನ. ಪಾಪ, ಕೇಳ್ತಾವೆ. ನಿಂತಿರೋ ಕಾರಲ್ಲಿ ಗಾಳಿ ಒಡೆಯಾಕಿಲ್ಲ." ಭಾಯಿಯ ಕಡೆ ತಿರುಗಿ, "ನನ್ನ ಸ್ಟೀರಿಂಗ್ ಮುಂದ್ಕೆ ಕೂರ್ಸು" ಎಂದರು.

ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ತೂಕವೇ ಇರಲಿಲ್ಲ. ಟಾಪು ಮಡಿಸಿದೆವು. ಪಕ್ಕದ ಸೀಟು ತಟ್ಟಿ ನನ್ನನ್ನು ಕರೆದರು, ಕೂತೆ. ಇವರು ಮೂಗಿನ ಪೈಪು ಕಳಚಿ ನನ್ನ ಕೈಗೆ ಕೊಟ್ಟು, ತಲೆಗೂದಲು ಸರಿ ಮಾಡಿಕೊಂಡು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಆ ಹುಡುಗನ ಫೋನಿನ ಕಡೆ ನೋಡಿ ನಕ್ಕರು. ಮದುವೆಯಾದ ಹೊಸತರಲ್ಲಿ ನಗುತ್ತಿದ್ದರಲ್ಲ, ಆ ನಗು. ನನ್ನ ಸೆರಗಿನ ಕೆಳಗೆ ಪೈಪು ಸುಯ್ಯನ್ನುತ್ತಿತ್ತು. "ಒನ್ ಮೋರ್, ಒನ್ ಮೋರ್" ಎಂದ ಆ ಹುಡುಗ. ಇವರು ಇನ್ನೂ ನಗುತ್ತಲೇ ಇದ್ದರು. ನಾನು "ಸಾಕು, ಸಾಕು ಕಣಪ್ಪ" ಎಂದು ಕಿರುಚಿ ಪೈಪನ್ನು ಮೂಗಿಗೆ ಹಾಕಿದೆ. ಆ ಜೋಡಿ ಥ್ಯಾಂಕ್ಸ್ ಹೇಳಿ ಹೋಯಿತು. ನಾವು ಟಾಪು ಮುಚ್ಚಿಕೊಂಡು ಮೆಲ್ಲಗೆ ಮನೆಗೆ ಬಂದೆವು.

ಗೌರಿಹಬ್ಬಕ್ಕೆ ಮೊದಲೇ ಹೋಗಿಬಿಟ್ಟರು. ತಿಥಿಗೆ ಹಾರ ಹಾಕಲು ಫೋಟೋ ಬೇಕಾಯಿತು. ಊರಿನ ಕಾರುಗಳನ್ನೆಲ್ಲ ಚೆಂದ ಮಾಡಿದ ಮನುಷ್ಯ ತನ್ನದೊಂದು ಒಳ್ಳೆಯ ಫೋಟೋ ತೆಗೆಸಿಕೊಂಡಿರಲಿಲ್ಲ. ಆಧಾರ್ ಕಾರ್ಡಿನದನ್ನೇ ಸ್ಟುಡಿಯೋದವರು ದೊಡ್ಡದು ಮಾಡಿ, ಕಂಪ್ಯೂಟರಿನಲ್ಲಿ ಕೋಟು ಟೈ ತೊಡಿಸಿ ಕೊಟ್ಟರು. ಗೋಡೆಯ ಮೇಲೆ ಈಗ ಯಾರೋ ಬ್ಯಾಂಕಿನ ಮ್ಯಾನೇಜರು ಸಿಟ್ಟಿನಲ್ಲಿ ಕೂತಂತಿದೆ. ಭಾಯ್ ಅದನ್ನು ನೋಡಿ, "ಟೀಚರಮ್ಮ, ಅವತ್ತಿನ ಫೋಟೋ ಕಳಿಸಿ ಅಂತ ಆ ಹುಡುಗರ ನಂಬರ್ ತಗೋಬೇಕಿತ್ತು" ಎಂದು ಅತ್ತುಬಿಟ್ಟರು.

ಚೆಂಡುಹೂವು ಬಿಟ್ಟ ಕಾಲಕ್ಕೆ ಕೇರಳದ ಕಾರುಗಳು ನಮ್ಮ ಪೇಟೆಯಲ್ಲಿ ಸಾಲುಗಟ್ಟುತ್ತವೆ. ಶಾಲೆಯಿಂದ ಬರುವಾಗ ಟೀ ಅಂಗಡಿಯ ಮುಂದೆ ನಿಂತ ಜೋಡಿಗಳನ್ನು ನೋಡುತ್ತೇನೆ. ಕೇಳಿಬಿಡೋಣ ಅನ್ನಿಸುತ್ತದೆ. ಆದರೆ ಯಾರನ್ನೆಂದು ಕೇಳಲಿ, ಆ ಇಬ್ಬರ ಮುಖ ನನಗೆ ನೆನಪೇ ಇಲ್ಲ. ಆ ಹೊತ್ತು ನಾನು ಇವರ ತುಟಿಯನ್ನೇ ನೋಡುತ್ತಿದ್ದೆ.