ಕಟ್ಟಿಹಾಕಿದ ದೀಪ

ಆ ಶುಕ್ರವಾರವೂ ಎಂದಿನಂತೆ ನಾನೇ ಮೊದಲು ಎದ್ದೆ. ನೈರೋಬಿಯಲ್ಲಿ, ಪಂಗಾನಿಯ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನ ಕ್ರಮ ಬದಲಾಗುವುದಿಲ್ಲ. ಫಿಲ್ಟರಿಗೆ ಕಾಫಿಪುಡಿ ತುಂಬಿ ಬಿಸಿನೀರು ಹುಯ್ಯುವುದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಸ್ನಾನ, ದೇವರ ಮುಂದೆ ದೀಪ, ಆಮೇಲೆ ಅಡುಗೆಮನೆಯ ಕಿಟಕಿ ತೆರೆದು ಮೊದಲ ಮಟಾಟು ವ್ಯಾನು ಹಾಡು ಹಾಕಿಕೊಂಡು ಹೋಗುವುದನ್ನು ಕೇಳುವುದು. ಅಂದು ಇನ್ನೂ ಕತ್ತಲಿತ್ತು, ಮಟಾಟು ಹೊರಟಿರಲಿಲ್ಲ. ಚಪಾತಿ ಹಿಟ್ಟನ್ನು ಎರಡರಷ್ಟು ಕಲಸಿದೆ. ಲಾಕಪ್ಪಿನಲ್ಲಿರುವವನಿಗೆ ಹೊಟ್ಟೆಗೆ ಏನು ಕೊಡುತ್ತಾರೋ ಯಾರಿಗೆ ಗೊತ್ತು.

ಲಾಕಪ್ಪಿನಲ್ಲಿದ್ದವನು ನನ್ನ ತಮ್ಮ ಸುಧೀಂದ್ರ. ಆರು ತಿಂಗಳ ಹಿಂದೆ ಮೈಸೂರಿನಿಂದ ಕಂಪನಿ ಕೆಲಸದ ಮೇಲೆ ಬಂದವನು. ಬಿಸಿಲಿನಿಂದ ನಡೆಯುವ ಐಸ್ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಪಶ್ಚಿಮದ ದೊಡ್ಡ ಸರೋವರದಲ್ಲಿ, ಭೂಪಟದಲ್ಲಿ ಚುಕ್ಕಿಯೂ ಇಲ್ಲದ ಒಂದು ದ್ವೀಪಕ್ಕೆ ಹೋಗಿದ್ದ. ಅಲ್ಲಿ ಒಬ್ಬ ಮೀನುಗಾರ ಕಾಣೆಯಾಗಿದ್ದಾನೆಂದೂ ಅದಕ್ಕೆ ಸುಧಿಯೇ ಕಾರಣವೆಂದೂ ಹಿಡಿದಿದ್ದಾರೆ, ಜಾಮೀನಿಗೆ ಮನೆಯವರು ಯಾರಾದರೂ ಬರಬೇಕು ಎಂದು ಹಿಂದಿನ ಸಂಜೆ ಫೋನು ಬಂದಿತ್ತು. ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಅಪ್ಪರ್ ಹಿಲ್‌ನ ಬ್ಯಾಂಕಿಗೂ ಹೋಗದೆ ಮನೆಯಿಂದಲೇ ಕೆಲಸ.

"ನೀನೊಬ್ಬಳೇ ಹೇಗೆ ಹೋಗ್ತೀಯೆ?" ಎಂದರು.

"ಒಬ್ಬಳೇ ಅಲ್ಲ, ಅಕಿನ್ಯಿ ಬರ್ತಾಳೆ. ಅವಳ ತವರು ಆ ಸರೋವರದ ದಡದಲ್ಲೇ ಅಲ್ವಾ," ಎಂದೆ. ಅಕಿನ್ಯಿ ನಮ್ಮ ಮನೆಗೆಲಸಕ್ಕೆ ಬಂದು ಒಂಬತ್ತು ವರ್ಷವಾಯಿತು. ನನಗಿಂತ ಧೈರ್ಯ, ನನಗಿಂತ ಬಾಯಿ. ಇಲ್ಲಿಯವರ ರೂಢಿಯಂತೆ ನನ್ನನ್ನು ಮಾಮಾ ಎನ್ನುತ್ತಾಳೆ, ಅಮ್ಮ ಎಂದು.

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಸಿಲ್ವಿಯಾ ಬಾಯಿ ಆಗಲೇ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದರು. ಮಂಗಳೂರಿನವರು. ಅವರು ಯಾವಾಗ ಮಲಗುತ್ತಾರೆಂದು ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ. "ಎಲ್ಲಿಗೆ ಮಾರಾಯ್ರೆ ಇಷ್ಟು ಬೇಗ?" ಎಂದರು. ತಮ್ಮನನ್ನು ಕರೆದುಕೊಂಡು ಬರಲು ಎಂದಷ್ಟೇ ಹೇಳಿದೆ.

ಸರೋವರದ ದಡದ ಕಿಸುಮುವಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆ. ಕೊಟ್ಟ ಬಿಸ್ಕತ್ತನ್ನು ಬಿಚ್ಚುವಷ್ಟರಲ್ಲಿ ಇಳಿಸಿಬಿಡುತ್ತಾರೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಎರಡು ಗಂಟೆ, ಮೊದಲು ಕಬ್ಬಿನ ಹೊಲ, ಆಮೇಲೆ ಬಂಡೆಗಳ ನಡುವೆ ಕೆಂಪು ಮಣ್ಣಿನ ದಾರಿ. ನೈರೋಬಿಯ ಸ್ವೆಟರನ್ನು ಬಿಚ್ಚಿ ಚೀಲಕ್ಕೆ ತುರುಕಿದೆ. ಶೆಕೆ ನಮ್ಮ ಕರಾವಳಿಯಷ್ಟೇ ಇತ್ತು, ಉಪ್ಪಿನ ವಾಸನೆ ಮಾತ್ರ ಇರಲಿಲ್ಲ. ಕಡಲಿನಷ್ಟು ಅಗಲದ ನೀರು ಕಡಲಿನ ವಾಸನೆಯಿಲ್ಲದೆ ಬಿದ್ದುಕೊಂಡಿರುವುದನ್ನು ಕಂಡು ಯಾಕೋ ಮನಸ್ಸಿಗೆ ಹಿತವಾಗಲಿಲ್ಲ.

ದಡದಲ್ಲಿ ಒಮೊಂಡಿ ಎಂಬವನ ಮೋಟಾರು ದೋಣಿ ಗೊತ್ತುಮಾಡಿದೆವು. ಇಬ್ಬರಿಗೂ ಹೋಗಿಬರಲು ಒಂದೇ ಬಾಡಿಗೆ. ಎಲ್ಲಿಗೆ ಎಂದು ಹೇಳಿದಾಗ ತಲೆಯಾಡಿಸಿದ. ಯಾರನ್ನು ನೋಡಲು ಎಂದು ಅಕಿನ್ಯಿ ಹೇಳಿದಾಗ ನನ್ನ ಕಡೆ ಒಮ್ಮೆ ನೋಡಿ, ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡ. ಒಂದು ಗಂಟೆಯ ದಾರಿ. ನೀರು ಹಸಿರಾಗಿ, ಸುಕ್ಕಿಲ್ಲದೆ ಇತ್ತು. ಅಂತರಗಂಗೆಯ ಗೊಂಚಲುಗಳು ನೇರಳೆ ಹೂವು ಹೊತ್ತು ತಾವಾಗಿಯೇ ಎಲ್ಲಿಗೋ ಹೊರಟಂತೆ ತೇಲುತ್ತಿದ್ದವು.

ದ್ವೀಪದ ತಗಡಿನ ಮನೆಗಳು ದೂರದಿಂದಲೇ ಹೊಳೆಯುತ್ತವೆ. ಮರಳಿನ ಮೇಲೆ ದೋಣಿಗಳನ್ನೆಲ್ಲ ಸಾಲಾಗಿ ಎಳೆದಿಟ್ಟಿದ್ದರು. ಪ್ರತಿ ದೋಣಿಯಲ್ಲೂ ಒಂದೊಂದು ದೀಪ, ಹಗ್ಗ ಸುತ್ತಿಟ್ಟದ್ದು. ಅಕಿನ್ಯಿ ವಿವರಿಸಿದಳು. ಇಲ್ಲಿ ಹಿಡಿಯುವ ಸಣ್ಣ ಬೆಳ್ಳಿ ಮೀನಿಗೆ ಬೆಳಕೆಂದರೆ ಹುಚ್ಚು. ಚಂದ್ರನಿಲ್ಲದ ರಾತ್ರಿಗಳಲ್ಲಿ ದೀಪಗಳನ್ನು ಹಲಗೆಯ ಮೇಲಿಟ್ಟು ನೀರಿಗೆ ಬಿಡುತ್ತಾರೆ. ಮೀನು ಕೆಳಗೆ ಸೇರಿದಾಗ ಬಲೆ. ದಡದಿಂದ ನೋಡಿದರೆ ಸರೋವರದ ಮೇಲೆ ಒಂದು ಊರೇ ಎದ್ದಂತೆ ಕಾಣುತ್ತದಂತೆ.

"ಎರಡು ರಾತ್ರಿಯಿಂದ ಒಂದು ದೀಪವೂ ನೀರಿಗಿಳಿದಿಲ್ಲ," ಎಂದ ಒಮೊಂಡಿ. ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಅಷ್ಟು ಜನ ಹೆಂಗಸರು ಮೀನು ಒಣಗಿಸುತ್ತ ಕೂತಿದ್ದರು. ಯಾರೂ ತಲೆಯೆತ್ತಲಿಲ್ಲ. ಕಂಡಲ್ಲೆಲ್ಲ "ಹೌ ಆರ್ ಯೂ" ಎಂದು ಹಿಂದೆ ಬೀಳುವ ಮಕ್ಕಳು ಇಲ್ಲಿ ಬಾಯಲ್ಲಿ ಬೆರಳಿಟ್ಟು, ನಮ್ಮ ಕಾಲನ್ನಷ್ಟೇ ನೋಡುತ್ತಿದ್ದರು.

ಠಾಣೆಯೆಂದರೆ ಎರಡು ಕೋಣೆ, ಒಂದು ಬಾವುಟ, ಇಬ್ಬರು ಪೊಲೀಸರು. ಸಾರ್ಜೆಂಟ್ ಎದ್ದು ನಿಂತು ಕುರ್ಚಿ ಕೊಟ್ಟ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಮಡಿಲಲ್ಲಿ ಕೈಯಿಟ್ಟು ಕೂತೆ. "ಮಾಮಾ, ಪರೀಕ್ಷೆಗೆ ಕೂತ ಹಾಗಿದೆ, ಸ್ವಲ್ಪ ಒರಗಿಕೊಳ್ಳಿ," ಎಂದು ಅಕಿನ್ಯಿ ಪಿಸುಗುಟ್ಟಿದಳು.

ಮೇಜಿನ ಮೇಲೆ ಅರ್ಧ ಕತ್ತರಿಸಿದ ಒಂದು ಒಣ ಸೋರೆಬುರುಡೆ ಇತ್ತು, ಇಲ್ಲಿಯವರು ನೀರು ಮೊಗೆಯುವಂಥದ್ದು. ಅಂಚಿಗೆ ಅರಿಶಿನದ ಮೂರು ಬೊಟ್ಟು. ಒಳಗೆ ಅರ್ಧದಷ್ಟು ಎಣ್ಣೆ, ಎಣ್ಣೆಯಲ್ಲಿ ಮಲಗಿದ ಕಪ್ಪು ಬತ್ತಿ. ಬತ್ತಿಯ ಸುಡದ ತುದಿಯಲ್ಲಿ ಹಸಿರು ದಾರ ಕಂಡಿತು. ಸುಧಿ ತನ್ನ ಪಂಚೆಯ ಅಂಚನ್ನೇ ಹರಿದು ಹೊಸೆದಿದ್ದ. ನನಗೆ ಆಗಲೇ ಎಲ್ಲ ತಿಳಿದುಹೋಯಿತು. ಮಂಗಳವಾರ ಅಮಾವಾಸ್ಯೆ. ನಮ್ಮ ಅಮ್ಮ ಹೋಗಿ ಅಂದಿಗೆ ಸರಿಯಾಗಿ ವರ್ಷ.

ಸಾರ್ಜೆಂಟ್ ನಡೆದದ್ದನ್ನು ಹೇಳಿದ. ಆ ರಾತ್ರಿ ಒಟಿಯೆನೊ ಎಂಬ ಮೀನುಗಾರ, ಬೇರೆಲ್ಲ ದೀಪಗಳನ್ನು ಬಿಟ್ಟು ಒಂದೇ ಒಂದು ಬೆಳಕು ಬಂಡೆಗಳ ಕಡೆ ಹೋಗುವುದನ್ನು ಕಂಡ. ತಮ್ಮದೇ ದೀಪ ಹಗ್ಗ ಹರಿದುಕೊಂಡು ಹೋಗುತ್ತಿದೆ ಎಂದುಕೊಂಡ. ಜೊತೆಯವನನ್ನು ದೊಡ್ಡ ದೋಣಿಯಲ್ಲಿ ಬಿಟ್ಟು ತಾನೊಬ್ಬನೇ ಸಣ್ಣ ದೋಣಿಯಲ್ಲಿ ಬೆನ್ನುಹತ್ತಿದ. ಬೆಳಿಗ್ಗೆ ದೋಣಿ ಮಾತ್ರ ಬಂಡೆಗಳ ಹತ್ತಿರ ಸಿಕ್ಕಿತು.

"ಈ ಬುರುಡೆ ದೋಣಿಯ ಒಳಗಿತ್ತು," ಎಂದ ಸಾರ್ಜೆಂಟ್. "ಕೂರುವ ಹಲಗೆಯ ಮೇಲೆ, ನೆಟ್ಟಗೆ. ಒಂದು ಹನಿ ಎಣ್ಣೆ ಚೆಲ್ಲಿರಲಿಲ್ಲ. ಅವನು ಅದನ್ನು ಎತ್ತಿ ಒಳಗಿಟ್ಟಿದ್ದಾನೆ ಮಾಮಾ. ಆಮೇಲೆ ಏನಾಯಿತು ಅಂತ ನನ್ನನ್ನು ಕೇಳಬೇಡಿ."

ಸುಧಿಯನ್ನು ಕರೆತಂದರು. ಎರಡು ದಿನಕ್ಕೇ ಗಡ್ಡ ಬೆಳೆದು ಅಪ್ಪನ ಹಾಗೆ ಕಾಣುತ್ತಿದ್ದ. ಚಪಾತಿಯ ಡಬ್ಬಿ ಕೊಟ್ಟರೆ ತೊಡೆಯ ಮೇಲಿಟ್ಟುಕೊಂಡನೇ ಹೊರತು ತೆರೆಯಲಿಲ್ಲ.

"ಅಕ್ಕಾ, ಇಲ್ಲಿ ತಿಥಿ ಮಾಡ್ಸಕ್ಕೆ ಯಾರು ಸಿಗ್ತಾರೆ? ಅಮ್ಮಂಗೆ ಅಂತ ಒಂದು ದೀಪ ಬಿಟ್ಟೆ ಅಷ್ಟೆ. ನೀರಲ್ಲಿ ಅಷ್ಟೊಂದು ದೀಪ ಇತ್ತು, ಇದೂ ಒಂದು ಇರಲಿ ಅಂತ." ದನಿ ತಗ್ಗಿಸಿದ. "ದೂರದಿಂದ ಯಾರೋ ಏನೋ ಕೂಗಿದ ಹಾಗಾಯ್ತು. ಮಾತಾಡಿಸ್ತಿದಾರೆ ಅಂದ್ಕೊಂಡು ನಾನೂ ಕೈ ಬೀಸಿದೆ."

ಜಾಮೀನಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ರುಜು ಹಾಕಿದೆ, ಅವನ ಪಾಸ್‌ಪೋರ್ಟು ಠಾಣೆಯಲ್ಲೇ ಉಳಿಯಿತು, ಮುಂದಿನ ತಿಂಗಳು ದಡದ ಊರಿನ ಕೋರ್ಟಿಗೆ ಬರಬೇಕೆಂದಾಯಿತು. "ದೀಪ ಬಿಡುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ," ಎಂದ ಸಾರ್ಜೆಂಟ್. "ಇವನನ್ನು ಒಳಗೆ ಹಾಕಿದ್ದು, ಹೊರಗಿದ್ದರೆ ಜೀವ ಉಳಿಯುವುದಿಲ್ಲ ಅಂತ. ಇವತ್ತೇ ಕರೆದುಕೊಂಡು ಹೋಗಿ. ನಾವು ಇಬ್ಬರೇ ಇದ್ದೇವೆ. ಊರವರು ಈಗ ಸುಮ್ಮನಿದ್ದಾರೆ. ನನಗೆ ಹೆದರಿಕೆ ಅದೇ."

ನಿಜವಾದ ತೊಡಕು ಎದುರಾದದ್ದು ಮರಳಿನ ಮೇಲೆ. ಒಮೊಂಡಿ ದೋಣಿಯ ಅಂಚು ಹಿಡಿದು ನಿಂತವನು ಸುಧಿಯನ್ನು ನೋಡದೆ ಅಕಿನ್ಯಿಗೆ ಹೇಳಿದ. "ನೀವಿಬ್ಬರು ಹತ್ತಿ. ಅವನನ್ನು ಒಯ್ಯುವುದಿಲ್ಲ."

"ಬಾಡಿಗೆ ತಗೊಂಡಾಗ ಈ ಮಾತು ಹೇಳಲಿಲ್ಲ!" ಎಂದು ಅಕಿನ್ಯಿ ಜಗಳಕ್ಕೆ ನಿಂತಳು. "ನಿನ್ನ ದೋಣಿ ಏನು ರಾಷ್ಟ್ರಪತಿಗಳದ್ದಾ?"

"ಬೇಕಾದರೆ ಬಾಡಿಗೆ ವಾಪಸ್ ತಗೋ ಅಕ್ಕಾ. ನೀರು ಒಬ್ಬನನ್ನು ಇನ್ನೂ ಕೊಟ್ಟಿಲ್ಲ. ದೀಪ ತೋರಿಸಿ ಅವನನ್ನು ಕರೆದವನನ್ನು ಅದರ ಮೇಲೆ ಕರೆದುಕೊಂಡು ಹೋದರೆ, ಬದಲಿಗೆ ಯಾರನ್ನು ಕೇಳುತ್ತದೋ." ಸಾಲಿನಲ್ಲಿದ್ದ ಬೇರೆ ದೋಣಿಯವರನ್ನು ಕೇಳಿದೆವು. ನಾವು ಹತ್ತಿರ ಹೋದಂತೆ ಒಬ್ಬೊಬ್ಬರೇ ಎದ್ದು ಹೋದರು. ಮಧ್ಯಾಹ್ನ ಕಳೆದರೆ ಗಾಳಿ ಏಳುತ್ತದೆ, ಆಮೇಲೆ ಯಾರೂ ದಾಟುವುದಿಲ್ಲ. ಸುಧಿ ಬಿಸಿಲಿನಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಅವನ ಸುತ್ತ ಅಷ್ಟಗಲ ಮರಳು ಖಾಲಿಯಾಗಿತ್ತು.

ಕೊನೆಗೆ ಒಮೊಂಡಿಯೇ ಹೇಳಿದ, "ಒಟಿಯೆನೊನ ತಾಯಿ ಹೇಳಿದರೆ ಒಯ್ಯುತ್ತೇನೆ."

ಆಕೆಯ ಮನೆ ದಿಬ್ಬದ ಮೇಲೆ. ಅಳು ಕೇಳಿಸುತ್ತದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಅಕಿನ್ಯಿಯ ಜೊತೆ ಹೋದೆ. ಅಳು ಇರಲಿಲ್ಲ. ನನ್ನಷ್ಟೇ ವಯಸ್ಸಿನವಳಿರಬೇಕು, ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಬಳಿ ಕೂತು ಮೀನು ಆರಿಸುತ್ತಿದ್ದಳು. ಪಕ್ಕದಲ್ಲಿ ಯಾರಿಗೋ ಬಡಿಸಿಟ್ಟ ಒಂದು ತಟ್ಟೆ, ಮೇಲೊಂದು ತಟ್ಟೆ ಮುಚ್ಚಿತ್ತು. ನಡುಹಗಲಿನಲ್ಲಿ ಬಾಗಿಲ ಮೊಳೆಗೆ ಲಾಟೀನು ಹಚ್ಚಿ ತೂಗಿಹಾಕಿದ್ದಳು. ಒಳಗೆ ಗೋಡೆಗೆ ಒಂದು ಒಣಗಿದ ಅಂಗಿ.

"ಪೊಲೆ, ಮಾಮಾ," ಎಂದೆ. ದುಃಖದಲ್ಲಿರುವವರಿಗೆ ಇಲ್ಲಿ ಹೇಳುವ ಮಾತು ಅದೊಂದೇ ನನಗೆ ಗೊತ್ತಿದ್ದದ್ದು. ಅವಳು ಮೀನು ಆರಿಸುತ್ತಲೇ ಇದ್ದಳು. ಸಾವಿನ ಮನೆಯಲ್ಲಿ ನಾವು ಮಾಡುವ ಹಾಗೆ ಅವಳ ಪಕ್ಕ ನೆಲದ ಮೇಲೆ ಸುಮ್ಮನೆ ಕೂತೆ. ಬಾಯಿ ತೆರೆದು ತಮ್ಮನ ವಿಷಯ ಎತ್ತಲು ಆಗಲೇ ಇಲ್ಲ. ಆ ಮುಚ್ಚಿದ ತಟ್ಟೆಯ ಎದುರು ಏನೆಂದು ಕೇಳುವುದು? ಸ್ವಲ್ಪ ಹೊತ್ತಿನ ಮೇಲೆ ಎದ್ದೆ. ನಮ್ಮ ಕಡೆ ಅಂಥ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಅನ್ನುವುದಿಲ್ಲ ತಾನೆ. ಹೇಳದೆ, ಹಿಂದೆ ತಿರುಗಿ ನೋಡದೆ ಹೊರಟೆ.

ಹತ್ತು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಚಾಟಿಯ ಹಾಗೆ ಅವಳ ಭಾಷೆಯಲ್ಲಿ ಮಾತು ಬಂತು. ಅಕಿನ್ಯಿ ತಡೆದು ತಡೆದು ಅರ್ಥ ಹೇಳಿದಳು. "ಕಳ್ಳಿಯ ಹಾಗೆ ಎದ್ದು ಹೋಗ್ತಾಳಲ್ಲ, ನನ್ನ ಮನೆ ಏನು ಸತ್ತವರ ಮನೆಯಾ ಅಂತಿದಾರೆ, ಮಾಮಾ."

ಅವಳಿಗೆ ನಮ್ಮ ಪದ್ಧತಿ ಗೊತ್ತಿರಲು ಸಾಧ್ಯವಿಲ್ಲ. ಆದರೂ ನಾನು ಅವಳ ಮಗನನ್ನು ಸಾಯಿಸಿ ಹೊರಟಿದ್ದೇನೆಂದು ನನ್ನ ಬೆನ್ನು ನೋಡಿಯೇ ತಿಳಿದುಕೊಂಡಿದ್ದಳು. ವಾಪಸ್ ಹೋದೆ. ಅವಳ ಕೈ ಹಿಡಿದೆ, ಮೀನಿನ ಪೊರೆ ಅಂಟಿ ಹೊಳೆಯುವ ಕೈ. "ನಿಟಾರುದಿ," ಎಂದೆ, ಮತ್ತೆ ಬರುತ್ತೇನೆ ಎಂದು. ಆಮೇಲೆ ಕನ್ನಡದಲ್ಲೇ ಬಾಯಿಗೆ ಬಂತು, "ಹೋಗಿ ಬರ್ತೀನಮ್ಮ."

ಆಗ ಅವಳು ನನ್ನ ಮುಖ ನೋಡಿದಳು.

"ಆ ದೀಪ ಯಾರಿಗೆ ಬಿಟ್ಟದ್ದು?"

"ನಮ್ಮ ತಾಯಿಗೆ. ಹೋಗಿ ಒಂದು ವರ್ಷ."

"ಬಂದಳಾ?"

ಅಕಿನ್ಯಿ ಆ ಪ್ರಶ್ನೆಯನ್ನು ನನಗೆ ಹೇಳಲು ಹಿಂದೆಮುಂದೆ ನೋಡಿದಳು. ನಾವು ದೀಪ ಬಿಡುವುದು ದಾರಿ ತೋರಲು, ಕಳಿಸಲು. ಬರಲಿ ಎಂದು ಯಾರೂ ಬಿಡುವುದಿಲ್ಲ. ಇದನ್ನು ಹೇಗೆ ಹೇಳುವುದು? "ಗೊತ್ತಿಲ್ಲ," ಎಂದೆ.

ಅವಳು ಒಂದು ಮೀನಿನಿಂದ ಮರಳು ಊದಿ ತೆಗೆದು ಬುಟ್ಟಿಗೆ ಹಾಕಿದಳು. "ನನ್ನ ಮಗ ಬಂದು ಹೇಳುತ್ತಾನೆ," ಎಂದಳು. ಆಮೇಲೆ ಅಕಿನ್ಯಿಗೆ ಗಟ್ಟಿಯಾಗಿ ಏನೋ ಅಪ್ಪಣೆ ಮಾಡಿದಳು. "ಇವಳ ತಮ್ಮ ಹೋಗಲಿ. ಆದರೆ ಬಿಟ್ಟ ದೀಪಕ್ಕೆ ಬದಲು ಒಂದು ದೀಪ ಹಚ್ಚಿ ಹೋಗಲಿ. ಇದನ್ನು ಕಟ್ಟಿಹಾಕಲಿ. ನನ್ನ ಮಗ ಹಿಂದೆ ಬರುವಾಗ ಅದು ಇದ್ದಲ್ಲೇ ಇರಬೇಕು."

ಸಾರ್ಜೆಂಟ್ ಬುರುಡೆ ಕೊಡಲಿಲ್ಲ, ಅದು ಸಾಕ್ಷಿ. ಒಂದು ತಗಡಿನ ಡಬ್ಬಿ, ಅದಕ್ಕಷ್ಟು ಎಣ್ಣೆ ಸಿಕ್ಕಿತು. ಸುಧಿ ಮತ್ತೆ ಪಂಚೆಯ ಅಂಚು ಹರಿದ. ಬತ್ತಿಯನ್ನು ನಾನೇ ಹೊಸೆದುಕೊಟ್ಟೆ. ದೋಣಿ ಕಟ್ಟುವ ಗೂಟಕ್ಕೆ ಡಬ್ಬಿಯನ್ನು ತಂತಿಯಿಂದ ಬಿಗಿದು ಅವನು ದೀಪ ಹಚ್ಚಿದ. ಒಟಿಯೆನೊನ ತಾಯಿ ದಿಬ್ಬದ ಮೇಲೆ ನಿಂತು ನೋಡಿದಳು. ಒಮೊಂಡಿ ದೋಣಿಯನ್ನು ನೀರಿಗೆ ತಳ್ಳಿದ.

ಸುಧಿಯನ್ನು ನಡುವೆ ಕೂರಿಸಿದೆವು. ನೀರಿಗೆ ಕೈ ಹಾಕಬಾರದು, ಯಾರ ಹೆಸರನ್ನೂ ಕರೆಯಬಾರದು ಎಂದು ಒಮೊಂಡಿ ಹೇಳಿದ. ಬಂಡೆಗಳ ಎದುರಿಗೆ ಬಂದಾಗ ಅವನು ಎಂಜಿನ್ ನಿಲ್ಲಿಸಿಬಿಟ್ಟ. ಕೆಟ್ಟಿತೆಂದು ನಾನು ಹೆದರಿದೆ. ಅವನು ಟೋಪಿ ತೆಗೆದು ಕಿವಿಗೊಟ್ಟು ಕೂತಿದ್ದ. ನೀರು ಹಲಗೆಗೆ ಮೆಲ್ಲಗೆ ತಟ್ಟುತ್ತಿತ್ತು, ಒಳಗೆ ಬರಬಹುದೇ ಎಂದು ಕೇಳುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಟೋಪಿ ಹಾಕಿಕೊಂಡು ಎಂಜಿನ್ ಎಳೆದ. ನಾನು ಒಮ್ಮೆ ಹಿಂದೆ ನೋಡಿದೆ. ಆ ಬಿಸಿಲಿನಲ್ಲಿ ಜ್ವಾಲೆ ಕಾಣಿಸುತ್ತಿರಲಿಲ್ಲ. ಗೂಟದ ಮೇಲಿನ ಗಾಳಿ ಮಾತ್ರ ಕಂಪಿಸುತ್ತಿತ್ತು.

ಸುಧಿ ಊಟದ ಡಬ್ಬಿ ತೆರೆದದ್ದು ಕಾರಿನಲ್ಲಿ. ಮೂರು ಚಪಾತಿ ತಿಂದು, ಕಿಸುಮು ಬರುವವರೆಗೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ವಿಮಾನ ಸಮಯಕ್ಕೆ ಬಂತು. ನೈರೋಬಿಯಲ್ಲಿ ಸಣ್ಣಗೆ ಹನಿ ಬೀಳುತ್ತಿತ್ತು. ಅಕಿನ್ಯಿ ದಾರಿಯಲ್ಲೇ ತನ್ನ ಮನೆಯ ಹತ್ತಿರ ಇಳಿದುಕೊಂಡಳು. "ಮಾಮಾ, ಮತ್ತೆ ಬರ್ತೀನಿ ಅಂತ ಹೇಳಿದ್ದೀರಿ, ನೆನಪಿರಲಿ," ಎಂದಳು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಪಂಗಾನಿಯ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಯಜಮಾನರು ಫೋನಿನ ಬೆಳಕಿನಲ್ಲಿ ಬಾಗಿಲು ತೆರೆದು, ಸುಧಿಯನ್ನು ತಬ್ಬಿಕೊಂಡು, "ಮೊದಲು ಸ್ನಾನ ಮಾಡೋ," ಎಂದರು. ನಾನು ಕೈಕಾಲು ತೊಳೆದು ಸಂಜೆಯ ದೀಪ ಹಚ್ಚಿದೆ. ಮೆಟ್ಟಿಲಿಗೂ ಬೆಳಕಾಗಲಿ ಎಂದು ಇನ್ನೊಂದು ಹಣತೆಯನ್ನು ಬಾಗಿಲಾಚೆ ಕಟ್ಟೆಯ ಮೇಲಿಟ್ಟು, ಬತ್ತಿ ಸರಿಮಾಡುತ್ತ ನಿಂತೆ.

ಕೆಳಗಿನಿಂದ ನಿಧಾನವಾದ ಹೆಜ್ಜೆ ಸಪ್ಪಳ ಮೇಲೆ ಬಂತು. ಹಣತೆಗೆ ಕೈ ಅಡ್ಡ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಚರ್ಚಿನಿಂದ ಮರಳಿದ ಸಿಲ್ವಿಯಾ ಬಾಯಿ ನಮ್ಮ ಬಾಗಿಲ ತನಕ ಬಂದು, ಏದುಸಿರು ಬಿಡುತ್ತ ನಕ್ಕರು.

"ಅಯ್ಯೋ, ನನ್ನ ಮನೆ ದಾಟಿಯೇ ಬಂದುಬಿಟ್ಟೆ ನೋಡಿ! ಕತ್ತಲೆಯಲ್ಲಿ ಎಂತದೂ ಕಾಣುದಿಲ್ಲ ಮಾರಾಯ್ರೆ, ನಿಮ್ಮ ದೀಪ ನೋಡಿಕೊಂಡೇ ಬಂದದ್ದು."