ಭಾವನ ಕೇಸು, ನಮ್ಮ ಕಾರು

ನನಗೆ ಸಿಟ್ಟು ಬಂದರೆ ಪಾತ್ರೆಗಳು ಸದ್ದು ಮಾಡುತ್ತವೆ. ಹೋದ ವರ್ಷ ನಮ್ಮ ಕಾರಿನ ಇನ್ಶೂರೆನ್ಸ್ ಮುಗಿದ ದಿನಗಳಲ್ಲಿ ಆ ಸದ್ದು ಇಡೀ ಬೀದಿಗೆ ಕೇಳಿಸುತ್ತಿತ್ತು. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ನಮ್ಮದು ಗಾವಡಗೆರೆ ಪಕ್ಕದ ಊರು. ನನ್ನ ಗಂಡ ಬಾಡಿಗೆ ಕಾರು ಓಡಿಸುತ್ತಾರೆ. ಹಳದಿ ಬೋರ್ಡಿನ ಒಂದೇ ಕಾರು, ಅದರಿಂದಲೇ ನಮ್ಮ ಊಟ. ಮದುವೆ, ಹರಕೆ ಎಂದು ಕರೆಯುವವರು ಇದ್ದರೂ ಹೆಚ್ಚಿನ ಬಾಡಿಗೆ ಆಸ್ಪತ್ರೆಯದು. ಎಚ್.ಡಿ. ಕೋಟೆ ಕಡೆಯಿಂದ, ಪಿರಿಯಾಪಟ್ಟಣದ ಕಡೆಯಿಂದ ಬಸುರಿಯರನ್ನು, ಮುದುಕರನ್ನು ಕೂರಿಸಿಕೊಂಡು ಮೈಸೂರಿಗೆ ಹೋಗಿ ಬರುವುದು. ಸುಳ್ಳು ಹೇಳಲು ಬಾರದ ಮನುಷ್ಯ. ಬೇರೆ ಡ್ರೈವರುಗಳು ಹಾಸಿಗೆಯಲ್ಲಿ ಮಲಗಿಕೊಂಡೇ "ಬಂದೆ, ಇಲ್ಲೇ ಗೇಟಿನತ್ರ ಅವ್ನಿ" ಎನ್ನುತ್ತಾರೆ. ಇವರು "ಇನ್ನೂ ಸ್ನಾನ ಆಗಿಲ್ಲ, ತಡ ಆಯ್ತದೆ" ಎಂದು ನಿಜ ಹೇಳಿ ಬಾಡಿಗೆ ಕಳೆದುಕೊಂಡು ಬರುತ್ತಾರೆ.

ಆ ವರ್ಷ ಹಳೆಯ ಕಂಪನಿ ಬಿಟ್ಟು ಬೇರೊಂದು ಕಂಪನಿಗೆ ಹೋದೆವು. ಅಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿ ಒಂದಾದ ಮೇಲೆ ಒಂದು ಪ್ರಶ್ನೆ ಓದಿದಳು. ಗಾಡಿ ಯಾವ ವರ್ಷದ್ದು, ಹಿಂದೆ ಅಪಘಾತ ಆಗಿದೆಯಾ, ಹೀಗೇ. ಕೊನೆಗೆ ಕೇಳಿದಳು: "ಗಾಡಿ ಓಡಿಸುವವರಿಗೆ ಯಾವುದಾದರೂ ಕೋರ್ಟ್ ಕೇಸಲ್ಲಿ ಶಿಕ್ಷೆ ಆಗಿದೆಯಾ ಸರ್?"

ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನನ್ನ ಗಂಡ ಕೇಳಿದರು: "ದಂಡ ಕಟ್ಟಿದ್ದೂ ಸೇರ್ತದಾ ಮೇಡಂ?"

"ಸೇರುತ್ತೆ ಸರ್."

"ಅಂಗಾದ್ರೆ ಐತೆ. ಇಸ್ಪೀಟ್ ಕೇಸು. ಬಾಳಾ ವರ್ಸ ಆಯ್ತು."

ಅವರೆಕಾಯಿಯ ಮೊರ ನನ್ನ ಕೈಯಿಂದ ಜಾರಿತು. ಇಸ್ಪೀಟ್ ಎಲೆಯಲ್ಲಿ ರಾಜ ಯಾರು, ಗುಲಾಮ ಯಾರು ಎಂದೂ ಗೊತ್ತಿಲ್ಲದ ಮನುಷ್ಯ ಇದು!

ಆ ಕೇಸಿನ ಕಥೆ ಹೇಳಲೇಬೇಕು. ನಮ್ಮ ಕಡೆ ಯುಗಾದಿಗೆ ಎಲೆ ಹಿಡಿಯದ ಗಂಡಸಿಲ್ಲ. ವರ್ಷವೆಲ್ಲ ಜೂಜೆಂದರೆ ಮುಖ ಸಿಂಡರಿಸುವವರೂ ಹಬ್ಬದ ಮಾರನೆಯ ದಿನ, ಹೊಸತೊಡಕಿಗೆ, ಚಾಪೆ ಹಾಸಿ ಕೂರುತ್ತಾರೆ. ಅಂದು ಆಡಿದರೆ ಅದು ಜೂಜಲ್ಲ, ಹಬ್ಬ ಎಂಬುದು ಎಲ್ಲರ ನಂಬಿಕೆ. ಪೊಲೀಸರಿಗೆ ಮಾತ್ರ ಆ ನಂಬಿಕೆ ಕೆಲವು ವರ್ಷ ಇರುತ್ತದೆ, ಕೆಲವು ವರ್ಷ ಇರುವುದಿಲ್ಲ. ನನ್ನ ಮದುವೆಯಾದ ಹೊಸತರಲ್ಲಿ, ಹೊಗೆಸೊಪ್ಪು ಬೇಯಿಸುವ ಖಾಲಿ ಬ್ಯಾರನ್ ಒಂದರಲ್ಲಿ ಆಟ ನಡೆದಾಗ ಜೀಪು ಬಂತು. ಆಡುತ್ತಿದ್ದವರಲ್ಲಿ ನನ್ನ ಗಂಡನ ಅಣ್ಣ, ನನ್ನ ಭಾವ, ಒಬ್ಬರು. ಹಿಂದಿನಿಂದ ಹಾರಿ ಓಡಿದರು. ಬೈಕು ಅಲ್ಲೇ ಉಳಿಯಿತು. ಬೈಕಿನ ಜಾಡು ಹಿಡಿದು ಪೊಲೀಸರು ಮನೆಗೇ ಬಂದರು.

ಭಾವನಿಗೆ ಆಗ ಸರ್ಕಾರಿ ಕೆಲಸದ ಆರ್ಡರು ಇನ್ನೇನು ಬರುವುದರಲ್ಲಿತ್ತು. ಮೈಮೇಲೆ ಕೇಸಿದ್ದರೆ ಕೆಲಸ ಹೋದಂತೆಯೇ. ನಮ್ಮತ್ತೆ ಮಾವ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದರು. "ಚಿಕ್ಕೋನು ಎಂಗೂ ಟ್ರ್ಯಾಕ್ಟ್ರು ಓಡಿಸ್ಕೊಂಡು ಇರೋನು. ಅವನೇ ಓಗಿ ನಿಂತ್ಕಳ್ಲಿ. ದಂಡ ಕಟ್ಟುದ್ರೆ ಮುಗೀತಲ್ಲ" ಎಂದರು ಮಾವ. ಮಧ್ಯಸ್ಥಿಕೆಗೆ ಬಂದವನೊಬ್ಬ ಠಾಣೆಯಲ್ಲಿ ಭಾವನ ಬದಲು ನನ್ನ ಗಂಡನ ಹೆಸರು ಬರೆಸಿದ. ಪೊಲೀಸರಿಗೂ ತಲೆ ಲೆಕ್ಕ ಸರಿಹೋದರೆ ಸಾಕಿತ್ತು. ಊರಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅಣ್ಣನ ಹೊಲಕ್ಕೆ ನೀರು ಕಟ್ಟಲು ತಮ್ಮ ಹೋಗುವುದಿಲ್ಲವೇ, ಕೋರ್ಟಿಗೂ ಹಾಗೇ ಹೋದರೆ ಏನಾಯಿತು ಎನ್ನುವ ಧಾಟಿ.

ಆಟದ ದಿನ ನನ್ನ ಗಂಡ ಊರಲ್ಲೇ ಇರಲಿಲ್ಲ, ಎಚ್.ಡಿ. ಕೋಟೆಯ ಹತ್ತಿರ ಟ್ರ್ಯಾಕ್ಟರಿಗೆ ಲೋಡು ಹಾಕಿಸುತ್ತಿದ್ದರು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಕಟಕಟೆಯಲ್ಲಿ ನಿಂತರು. "ತಪ್ಪು ಒಪ್ಕೋತೀರಾ?" ಎಂದರೆ "ಹೌದು ಸ್ವಾಮಿ" ಎಂದರು. ದಂಡ ಕಟ್ಟಿ ಸಂಜೆಯ ಬಸ್ಸಿಗೆ ವಾಪಸ್ ಬಂದರು. ಬದುಕಿನಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದು. ಆ ಸುಳ್ಳು ಹೇಳಿದಾಗ ಕೋರ್ಟು ಅವರನ್ನು ಮನೆಗೆ ಕಳಿಸಿತು. ಈಗ ನಿಜ ಹೇಳಿದ್ದಕ್ಕೆ ಕಂಪನಿ ಕಾರನ್ನು ಮನೆಯಲ್ಲೇ ನಿಲ್ಲಿಸಿತು!

ಹೌದು, ನಿಲ್ಲಿಸಿತು. ಪರಿಶೀಲನೆ ಮಾಡಬೇಕು, ಕೋರ್ಟಿನಿಂದ ತೀರ್ಪಿನ ಕಾಪಿ ತನ್ನಿ ಎಂದರು. ಅಷ್ಟರಲ್ಲಿ ಹಳೆಯ ಪಾಲಿಸಿ ಮುಗಿಯಿತು. ಇನ್ಶೂರೆನ್ಸ್ ಇಲ್ಲದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಹಳೆಯ ಕಡತ ಹುಡುಕಿಸಲು ಇವರು ದಿನವೂ ಬಸ್ಸಿನಲ್ಲಿ ಅಲೆದರು. ಅಂಗಳದಲ್ಲಿ ಕಾರಿನ ಮೇಲೆ ಕೋಳಿಗಳು ಹತ್ತಿ ಕೂರುತ್ತಿದ್ದವು. ಒಂದು ದಿನ ನಾನೂ ಜೊತೆಗೆ ಹೋಗಿ ಕೋರ್ಟಿನ ಹತ್ತಿರ ವಕೀಲರೊಬ್ಬರನ್ನು ಕೇಳಿದೆ: "ಇಷ್ಟು ವರ್ಸ ಆದ್ಮೇಲೂ ಇದು ಅಳ್ಸೋಗಲ್ವಾ ಸಾರ್?" ಚಿಕ್ಕ ಹುಡುಗರ ಕೇಸಾದರೆ ಅಳಿಸುವುದುಂಟು, ದೊಡ್ಡವರದ್ದು ಹಾಗೆ ತಾನಾಗಿ ಅಳಿಯುವುದಿಲ್ಲವಮ್ಮ ಎಂದರು ಅವರು. ಜೈಲಿಗೆ ಹೋದವನಿಗೂ ಬಿಡುಗಡೆಯ ದಿನ ಅಂತ ಒಂದಿರುತ್ತದೆ. ದಂಡ ಕಟ್ಟಿದವನಿಗೆ ಬಿಡುಗಡೆ ಯಾವಾಗ? ಬಸ್ಸಿನಲ್ಲಿ ಇಡೀ ದಾರಿ ಇದನ್ನೇ ಗೊಣಗಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಭಾವನಿಗೆ ವಿಷಯ ತಿಳಿಸಬೇಡ ಎಂದಿದ್ದರು ನನ್ನ ಗಂಡ. ನಾನು ಬಿಡುತ್ತೇನೆಯೇ? ಕೆ.ಆರ್. ನಗರದಲ್ಲಿರುವ ಭಾವನ ಮನೆಗೆ ನಾನೇ ಹೋದೆ. ಅದೇ ಆರ್ಡರಿನ ಕೆಲಸದಲ್ಲಿ ಇದ್ದು, ನಿವೃತ್ತಿಯಾಗಿ, ಗ್ರಾನೈಟ್ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ. "ಕಂಪ್ನಿಯೋರ ಜೊತೆ ಒಂದ್ ಮಾತು ನೀವು ಆಡಿ ಬಾವ. ಆಟಕ್ಕೆ ಕುಂತಿದ್ದೋನು ನನ್ ತಮ್ಮ ಅಲ್ಲ ಅಂತ ಏಳಿ" ಎಂದೆ.

ಭಾವ ನಕ್ಕರು. "ಎಂಥಾ ಪೆದ್ದ ಕಣವ್ವ ಅವನು! ಇಲ್ಲ ಅಂದಿದ್ರೆ ಮುಗ್ದೋಗಿತ್ತಲ್ಲ. ಯಾರು ನೋಡಕ್ಕೆ ಬತ್ತಿದ್ರು? ಈಗ ನಾನ್ಯಾಕೆ ಅದ್ರೊಳಕ್ಕೆ ಬರ್ಲಿ, ಬುಡು ಅತ್ಲಾಗೆ."

ಪೆದ್ದ! ಕಾಫಿ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ಗಂಡನ ಮೇಲೂ ಹರಿಹಾಯ್ದೆ. ಇಲ್ಲ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಅವರು ಜೋರು ಮಾಡಲಿಲ್ಲ. "ನಾಳೆ ಒಬ್ಳು ಬಸುರಿ ಕೂರ್ಸ್ಕೊಂಡು ಓಗ್ವಾಗ ಏನಾರ ಎಚ್ಚುಕಮ್ಮಿ ಆದ್ರೆ, ಇವನು ಸುಳ್ಳು ಬರ್ಸವ್ನೆ ಅಂತ ಕಂಪ್ನಿಯೋರು ಕೈ ಎತ್ತುಬುಟ್ರೆ, ಆ ಮನೆಯೋರ್ಗೆ ನಾನೇನೇಳ್ಲಿ? ಆವತ್ತು ಅಣ್ಣಂಗೋಸ್ಕರ ಏಳ್ದೆ. ಇನ್ನೊಂದ್ಸಲ ನನ್ ಕೈಲಾಗಕಿಲ್ಲ ಕಣೆ" ಎಂದರು. ಇಷ್ಟು ವರ್ಷ ಆ ಕೋರ್ಟಿನ ವಿಷಯ ಎತ್ತದಿದ್ದ ಮನುಷ್ಯ. ಮುಗಿದುಹೋದದ್ದು ಅಂದುಕೊಂಡಿದ್ದೆ ನಾನು. ಅವರ ಪಾಲಿಗೆ ಅದು ಮುಗಿದೇ ಇರಲಿಲ್ಲ. ಅವತ್ತಿನಿಂದ ನನ್ನ ಸಿಟ್ಟೆಲ್ಲ ಭಾವನ ಕಡೆಗೇ ತಿರುಗಿತು.

ಪಾಲಿಸಿ ಕೊನೆಗೆ ಬಂತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಕಾಪಿ ನೋಡಿ, ಇಷ್ಟು ಚಿಕ್ಕ ಕೇಸಾ ಎಂದು ಆ ಹುಡುಗಿಯೇ ಅಂದಳಂತೆ. ಆದರೆ ನನಗೆ ನೆನಪಿರುವುದು ಅದು ಬರುವುದಕ್ಕೆ ಮುಂಚಿನ ಒಂದು ಸಂಜೆ.

ಭಾವ ಗದ್ದೆ ನೋಡಲು ಊರಿಗೆ ಬಂದಿದ್ದರು. ನಮ್ಮ ಮನೆಯಲ್ಲೇ ಊಟ. ಬಿಸಿ ಮುದ್ದೆ ಮುರಿಯುತ್ತಾ ತಮ್ಮನಿಗೆ ಹೇಳಿದರು: "ಬೆಳಗ್ಗೆ ಮೈಸೂರಿಗೆ ಓಗ್ಬೇಕು ಕಣ್ಲಾ, ಕಣ್ಣು ತೋರ್ಸಕ್ಕೆ. ಕಾರ್ ತೆಗಿ."

"ಇನ್ಶೂರೆನ್ಸ್ ಇಲ್ಲ ಕಣಣ್ಣ. ಗಾಡಿ ಆಚೆಗೆ ತೆಗಿಯಂಗಿಲ್ಲ."

"ಯಾರ್ಲಾ ಕೇಳ್ತಾರೆ ಅಷ್ಟೊತ್ನಲ್ಲಿ? ಪೊಲೀಸ್ನೋರು ಇಡುದ್ರೆ ಒಂದು ದಂಡ ಕಟ್ಟುದ್ರಾಯ್ತು."

ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. "ಇಡುದ್ರೆ ಈ ಸಲ ಕಟಕಟೇಲಿ ನೀವೇ ನಿಂತ್ಕಬೇಕು ಬಾವ" ಎಂದೆ.

ಭಾವನ ಕೈ ತಟ್ಟೆಯಲ್ಲೇ ನಿಂತಿತು. ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು. "ಏನ್ಲಾ, ನಿನ್ನೆಂಡ್ತಿ ಇಂಗಂತಾವ್ಳೆ, ಸುಮ್ಕೆ ಕುಂತಿದ್ದೀಯಲ್ಲ?"

ನನ್ನ ಗಂಡ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದರು. ಆಮೇಲೆ ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು: "ಬೆಳಗ್ಗೆ ಬಸ್ಸೈತೆ ಅಣ್ಣ. ಸ್ಟಾಪಿನ ಗಂಟ ನಾನೂ ಬತ್ತೀನಿ, ನಡ್ಕೊಂಡೋಗನ."

ಅಣ್ಣನಿಗೆ ಅವರು ಆಗುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.